ಒಮ್ಮೆ ಹೇಳಿದರೆ ತಪ್ಪದೆ ಬರೆದುಕೊಳ್ಳುವಂಥ ಇ-ಮೇಲ್ ಹೆಸರು ಹೇಗಿರಬೇಕು?

ಪ್ರಶ್ನೆ: ಈರಣ್ಣ, ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ಪಿಯುಸಿ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಮುಂದೆ ಬರುವ ಪ್ರವೇಶ ಪರೀಕ್ಷೆ, ವಿದ್ಯಾರ್ಥಿವೇತನ, ಹಾಸ್ಟೆಲ್ ಎಂದು ಎಲ್ಲ ಅರ್ಜಿಗಳಿಗೂ ಅವಳದೇ ಆದ ಒಂದು ಇ-ಮೇಲ್ ವಿಳಾಸ ಬೇಕಾಗಿದೆ. ಇದರ ಜೊತೆಗೆ ಗುಳೇದಗುಡ್ಡದಲ್ಲಿ ಖಣದ (ರವಿಕೆ ಬಟ್ಟೆಯ) ಅಂಗಡಿ ಇಟ್ಟಿರುವ ನನ್ನ ತಮ್ಮನಿಗೂ ವ್ಯಾಪಾರಕ್ಕೆಂದು ಒಂದು ವಿಳಾಸ ಮಾಡಿಕೊಡಬೇಕು. ಖಾತೆ ತೆರೆಯುವ ಕ್ರಮ ನನಗೆ ಗೊತ್ತಿದೆ. 'ಅಟ್ ದಿ ರೇಟ್' ಚಿಹ್ನೆಯ ಎಡಕ್ಕೆ ಯಾವ ಹೆಸರು ಇಡಬೇಕೆಂಬುದಷ್ಟೇ ನನ್ನ ಪ್ರಶ್ನೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದ ಬರೆಯಬೇಕೇ ಎಂದು ನಿಮಗೆ ಅನ್ನಿಸಬಹುದು, ಆದರೆ ಈ ವಿಷಯದಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ನನ್ನ ವಿಳಾಸವನ್ನು 2008ರಲ್ಲಿ ಒಂದು ಸೈಬರ್ ಕೆಫೆಯಲ್ಲಿ ಮಾಡಿಸಿದ್ದು. ಅಲ್ಲಿ ಕುಳಿತಿದ್ದ ಹುಡುಗ ನನ್ನ ಹೆಸರನ್ನು ಹಾಕಿ ನೋಡಿ, "ಇದು ಆಗಲೇ ಹೋಗ್ಯದ ರೀ ಸರ" ಎಂದು, ಪರದೆಯ ಮೇಲೆ ಸೂಚನೆಯಾಗಿ ಬಂದ ಹೆಸರುಗಳಲ್ಲಿ ಒಂದನ್ನು ನನ್ನನ್ನು ಕೇಳದೆಯೇ ಒತ್ತಿಬಿಟ್ಟ. ಅದರಲ್ಲಿ ನನ್ನ ಹೆಸರು, ನಡುವೆ ಒಂದು ಅಂಡರ್‌ಸ್ಕೋರ್, ಕೊನೆಗೆ ನಾಲ್ಕು ಅಂಕಿಗಳಿವೆ. ಆ ಅಂಕಿಗಳು ನನ್ನ ಹುಟ್ಟಿದ ವರ್ಷವೂ ಅಲ್ಲ, ಗಾಡಿಯ ನಂಬರೂ ಅಲ್ಲ, ಯಾವುದೂ ಅಲ್ಲ. ಎಷ್ಟೋ ವರ್ಷ ಅದನ್ನು ಒಂದು ಚೀಟಿಯಲ್ಲಿ ಬರೆದು ಪಾಕೀಟಿನಲ್ಲಿ ಇಟ್ಟುಕೊಂಡಿದ್ದೆ. ಚೀಟಿಯ ಮಡಿಕೆ ಸರಿಯಾಗಿ ಅಂಕಿಗಳ ಮೇಲೆಯೇ ಬಿದ್ದು ಎರಡನೆಯ ಅಂಕಿ ಅಳಿಸಿಹೋಗಿತ್ತು. ಹೆಸರಿನದಂತೂ ಇನ್ನೊಂದು ಕಥೆ. ಈರಣ್ಣ ಎಂಬುದನ್ನು ಕೆಲವರು 'ಐ' ಅಕ್ಷರದಿಂದ ಆರಂಭಿಸುತ್ತಾರೆ, ಕೆಲವರು ಎರಡು 'ಇ' ಹಾಕುತ್ತಾರೆ, ಕೆಲವರು ಒಂದೇ 'ಎನ್' ಬರೆಯುತ್ತಾರೆ, ಇನ್ನು ಕೆಲವರು ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ವೀರಣ್ಣ ಎಂದು ಬರೆದುಕೊಳ್ಳುತ್ತಾರೆ.

ದೊಡ್ಡ ಮಗನ ಪ್ರವೇಶದ ಸಮಯದಲ್ಲಿ ಒಂದು ಕಚೇರಿಯವರು ಫೋನ್ ಮಾಡಿ ವಿಳಾಸ ಕೇಳಿದರು. ನಾನು ಹೇಳಿದೆ, ಅವರು ಬರೆದುಕೊಂಡರು. ಮೂಲ ದಾಖಲೆಗಳ ಪರಿಶೀಲನೆಗೆ ಬರಬೇಕಾದ ದಿನಾಂಕವನ್ನು ಇ-ಮೇಲ್ ಮೂಲಕ ತಿಳಿಸುವುದಾಗಿ ಹೇಳಿದ್ದರಿಂದ ನಾವು ಕಾಯುತ್ತ ಕುಳಿತೆವು. ಕೊನೆಗೆ ತಾಳ್ಮೆಗೆಟ್ಟು ಖುದ್ದಾಗಿ ಹೋದಾಗ ಆ ದಿನಾಂಕ ಕಳೆದು ನಾಲ್ಕು ದಿನಗಳಾಗಿದ್ದವು. ಜಗಳ ಮಾಡಬೇಕೆಂದೇ ಹೋದವನು ಅವರ ವಹಿಯಲ್ಲಿ ನನ್ನ ವಿಳಾಸವನ್ನು ನೋಡಿ ಸುಮ್ಮನಾದೆ. ಅಂಡರ್‌ಸ್ಕೋರ್ ಇರಬೇಕಾದಲ್ಲಿ ಡ್ಯಾಶ್ ಇತ್ತು, ಎರಡು ಅಂಕಿಗಳು ಹಿಂದುಮುಂದಾಗಿದ್ದವು, ಉಳಿದದ್ದೆಲ್ಲ ಸರಿಯಾಗಿತ್ತು. ನಾನೇ ಕೇಳಿಸಿಕೊಂಡಿದ್ದರೂ ಹಾಗೆಯೇ ಬರೆಯುತ್ತಿದ್ದೆನೇನೋ.

ಮಗಳ ಹೆಸರು ದಾನೇಶ್ವರಿ. ಹೆಸರಿನ ಮುಂದೆ ಹುಟ್ಟಿದ ವರ್ಷ ಹಾಕಿದರೆ ಸುಲಭವಾಗಿ ಸಿಗುತ್ತದೆ ಎಂದು ಅವಳು ಹೇಳುತ್ತಾಳೆ. ತಮ್ಮನಿಗೆ ಅಂಗಡಿಯ ಹೆಸರು, ಖಣ, ಗುಳೇದಗುಡ್ಡ ಮೂರೂ ಬೇಕು, ಮೊದಲಿಗೆ ಶ್ರೀ ಕೂಡ ಇರಬೇಕಂತೆ. ನಮ್ಮ ಅಡ್ಡಹೆಸರನ್ನು ಇಲ್ಲಿ ಬರೆಯುವುದು ಬೇಡವೆಂದು ಬಿಟ್ಟಿದ್ದೇನೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ಅರ್ಜಿ ಕೇಂದ್ರದವ, ಬೆಳಗಾವಿ

ಈರಣ್ಣ ಸಾಹೇಬರೇ, ನಿಮ್ಮ ಪ್ರಶ್ನೆ ಓದಿ ನಗು ಬಂತು ಎಂದರೆ ತಪ್ಪು ತಿಳಿಯಬೇಡಿ, ಏಕೆಂದರೆ ಆ ಸೈಬರ್ ಕೆಫೆಯ ಹುಡುಗನ ಜಾಗದಲ್ಲಿ ಒಂದು ಕಾಲಕ್ಕೆ ನಾನೂ ಕುಳಿತಿದ್ದವನು. ಹೊರಗೆ ಸಾಲು ನಿಂತಿರುವಾಗ, ಮೊದಲು ಸಿಕ್ಕ ಹೆಸರನ್ನು ಒತ್ತಿ ಮುಂದಿನವರನ್ನು ಕರೆಯುವುದೇ ನಮ್ಮ ಪದ್ಧತಿಯಾಗಿತ್ತು. ಈಗ ಬೆಳಗಾವಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ನನ್ನದೇ ಸಣ್ಣ ಕೇಂದ್ರವಿದೆ. ನಾವೆಲ್ಲ ಈ ಹೆಸರನ್ನು ಪರದೆಯ ಮುಂದೆ ಕುಳಿತು, ನೋಡಲು ಚೆಂದ ಕಾಣುವಂತೆ ಆರಿಸುತ್ತೇವೆ. ಆದರೆ ಮುಂದೆ ಜೀವನಪೂರ್ತಿ ಅದನ್ನು ಬಾಯಿಂದ ಹೇಳಬೇಕಾಗುತ್ತದೆ, ಇನ್ನೊಬ್ಬರು ಕಿವಿಯಿಂದ ಕೇಳಿ ಬರೆಯಬೇಕಾಗುತ್ತದೆ. ಆದ್ದರಿಂದ ಫೋನಿನಲ್ಲಿ ಒಂದೇ ಸಲ ಹೇಳಿದಾಗ ತಪ್ಪಿಲ್ಲದೆ ಬರೆಯಲು ಆಗುತ್ತದೆಯೇ ಎಂಬ ಒಂದೇ ಪರೀಕ್ಷೆ ಸಾಕು.

ನಮ್ಮ ಹೆಸರುಗಳ ಮೂಲ ತೊಂದರೆ ಸ್ಪೆಲ್ಲಿಂಗ್. ಕನ್ನಡದಲ್ಲಿ ಒಂದೇ ರೀತಿಯಲ್ಲಿ ಬರೆಯುವ ಬಸವರಾಜ ಎಂಬ ಹೆಸರು ಇಂಗ್ಲಿಷಿಗೆ ಹೋದಾಗ 'ವ'ಕಾರಕ್ಕೆ ವಿ ಹಾಕುವವರು, ಡಬ್ಲ್ಯೂ ಹಾಕುವವರು, ಕೊನೆಗೆ ಎ ಬರೆಯುವವರು, ಬಿಡುವವರು ಎಂದು ನಾಲ್ಕು ರೂಪ ತಾಳುತ್ತದೆ. ನಿಮ್ಮ ಮಗಳ ಹೆಸರಿನಲ್ಲಿ 'ದಾ' ಅಕ್ಷರಕ್ಕೆ ಒಂದು ಎ ಅಥವಾ ಎರಡು, 'ಶ'ಕಾರಕ್ಕೆ ಬರೀ ಎಸ್ ಅಥವಾ ಎಸ್ ಮತ್ತು ಎಚ್, 'ವ'ಕಾರಕ್ಕೆ ವಿ ಅಥವಾ ಡಬ್ಲ್ಯೂ ಎಂದು ಲೆಕ್ಕ ಹಾಕಿದರೆ ಎಂಟು ರೂಪಗಳಾಗುತ್ತವೆ. ಹೂಗಾರ, ಪೂಜಾರಿ ಎಂಬ ಅಡ್ಡಹೆಸರಿದ್ದವರು 'ಊ'ಕಾರಕ್ಕೆ ಯು ಬರೆಯಬೇಕೋ ಎರಡು ಒ ಬರೆಯಬೇಕೋ ಎಂದು ಪ್ರತಿ ಸಲವೂ ತಿಳಿಸಿ ಹೇಳಬೇಕಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಒಂದೇ ಪರಿಹಾರವೆಂದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾಗಿರುವ ಸ್ಪೆಲ್ಲಿಂಗನ್ನೇ ಅಕ್ಷರ ಬಿಡದೆ ಬಳಸುವುದು. ಅದು ತಪ್ಪಾಗಿದೆ ಎಂದು ನಿಮಗೆ ಅನ್ನಿಸಿದರೂ ಅದನ್ನೇ ಇಡಿ. ಅರ್ಜಿ ಪರಿಶೀಲಿಸುವವರ ಎದುರಿಗೆ ಆ ಅಂಕಪಟ್ಟಿಯೇ ಇರುತ್ತದೆ, ಅನುಮಾನ ಬಂದರೆ ಅವರು ಅದನ್ನೇ ನೋಡುತ್ತಾರೆ.

ನಂತರ ಹೆಸರಿಗೆ ಅಡ್ಡಹೆಸರನ್ನು ನೇರವಾಗಿ ಜೋಡಿಸಿ. ಅದು ಹೋಗಿದ್ದರೆ, ನಮ್ಮ ಕಡೆ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಇದ್ದೇ ಇದೆಯಲ್ಲ, ತಂದೆಯ ಹೆಸರಿನ ಮೊದಲ ಅಕ್ಷರವನ್ನು ನಡುವೆ ಸೇರಿಸಬಹುದು. ಜಿಮೇಲ್‌ನಲ್ಲಿ ಈ ಭಾಗಕ್ಕೆ ಕನಿಷ್ಠ 6, ಗರಿಷ್ಠ 30 ಅಕ್ಷರಗಳ ಮಿತಿಯಿದೆ, ಆದ್ದರಿಂದ ಉದ್ದದ ಚಿಂತೆ ಬೇಡ. ಅಂಡರ್‌ಸ್ಕೋರ್ ಮತ್ತು ಡ್ಯಾಶ್ ಅಲ್ಲಿ ಬಳಸಲು ಬರುವುದೇ ಇಲ್ಲ, ಅದು ಒಳ್ಳೆಯದೇ ಆಯಿತು. ಬೇರೆ ಸೇವೆಗಳಲ್ಲಿ ಅಂಡರ್‌ಸ್ಕೋರ್ ಸಿಗುತ್ತದೆ, ಆದರೆ ವಿಳಾಸದ ಕೆಳಗೆ ಲಿಂಕಿನ ನೀಲಿ ಗೆರೆ ಬಂದ ಕೂಡಲೇ ಅದು ಗೆರೆಯಲ್ಲಿ ಮುಚ್ಚಿಹೋಗಿ, ಓದುವವರಿಗೆ ಖಾಲಿ ಜಾಗದಂತೆ ಕಾಣುತ್ತದೆ. ಡಾಟ್ ವಿಷಯದಲ್ಲಿ ಜಿಮೇಲ್ ಉದಾರಿ: ಹೆಸರಿನ ನಡುವೆ ಡಾಟ್ ಇಟ್ಟರೂ ಬಿಟ್ಟರೂ ಪತ್ರ ಅದೇ ಪೆಟ್ಟಿಗೆಗೆ ಬರುತ್ತದೆ. ಔಟ್‌ಲುಕ್‌ನಂಥ ಬೇರೆ ಸೇವೆಗಳಲ್ಲಿ ಡಾಟ್ ಇದ್ದ ವಿಳಾಸ ಬೇರೆ, ಇಲ್ಲದ ವಿಳಾಸ ಬೇರೆ ಎಂಬುದು ನೆನಪಿರಲಿ. "ಕ್ಯಾಪಿಟಲ್ಲೋ ಸ್ಮಾಲೋ" ಎಂದು ಕೌಂಟರಿನಲ್ಲಿ ಕೇಳುತ್ತಾರೆ, ಈ ಸೇವೆಗಳಲ್ಲಿ ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ.

ಹುಟ್ಟಿದ ವರ್ಷವನ್ನು ಮಾತ್ರ ಬೇಡವೆನ್ನಿ. ಅಂಕಿ ಸೇರಿದ ಕೂಡಲೇ ಸೊನ್ನೆ ಮತ್ತು 'ಓ' ಅಕ್ಷರ, ಒಂದು ಮತ್ತು ಸಣ್ಣ 'ಎಲ್' ಒಂದರಂತೆ ಇನ್ನೊಂದು ಕಾಣಲಾರಂಭಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಹುಡುಗಿಯ ವಯಸ್ಸನ್ನು ವಿಳಾಸ ಸಿಕ್ಕ ಪ್ರತಿಯೊಬ್ಬರಿಗೂ ಹೇಳಬೇಕಾದ ಅಗತ್ಯವಿಲ್ಲ.

ಫೋನಿನಲ್ಲಿ ಬಿ, ಡಿ, ಪಿ, ಟಿ ಎಲ್ಲವೂ ಒಂದೇ ರೀತಿ ಕೇಳಿಸುತ್ತವೆ. ಎಮ್ ಮತ್ತು ಎನ್ ಕೂಡ ಹಾಗೆಯೇ. 'ಬಿ ಫಾರ್ ಬಾಂಬೆ' ಎಂದು ಹೇಳುವ ರೂಢಿ ಎಲ್ಲರಿಗೂ ಇದೆ, ನಾನು ನಮ್ಮ ಊರುಗಳನ್ನೇ ಬಳಸುತ್ತೇನೆ: ಬಿ ಬೆಳಗಾವಿ, ಡಿ ಧಾರವಾಡ, ಜಿ ಗೋಕಾಕ, ಎಚ್ ಹುಬ್ಬಳ್ಳಿ, ಎಮ್ ಮುಧೋಳ, ಎನ್ ನಿಪ್ಪಾಣಿ. ಇಲ್ಲಿ ಆ ಕಡೆಯಿಂದ ಮಾತನಾಡುವವರು ಮರಾಠಿಯವರಾದರೂ ಕನ್ನಡದವರಾದರೂ ಈ ಊರುಗಳು ಇಬ್ಬರಿಗೂ ಗೊತ್ತು.

ಕೊನೆಯದಾಗಿ ನಮ್ಮ ವೃತ್ತಿಯ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಅವಸರದಲ್ಲಿ ಅನೇಕ ಕೇಂದ್ರಗಳಲ್ಲಿ ಗಿರಾಕಿಯ ಖಾತೆಗೆ ಕೇಂದ್ರದವರದೇ ಮೊಬೈಲ್ ನಂಬರನ್ನು ಹಾಕಿಬಿಡುತ್ತಾರೆ. ಪಾಸ್‌ವರ್ಡ್ ಮರೆತ ದಿನ ಖಾತೆ ಮರಳಿ ಪಡೆಯಲು ಬೇಕಾದ ಸಂಕೇತ ಸಂಖ್ಯೆ (ಒಟಿಪಿ) ಅಪರಿಚಿತರ ಫೋನಿಗೆ ಹೋಗುತ್ತದೆ. ಮಗಳ ಖಾತೆಯನ್ನು ಮನೆಯಲ್ಲೇ, ನಿಮ್ಮ ನಂಬರಿನಿಂದಲೇ ತೆರೆಯಿರಿ.

ಉತ್ತರ: ನಿವೃತ್ತ ಶಿಕ್ಷಕ, ವಿಜಯಪುರ

ಬೆಳಗಾವಿಯ ಮಿತ್ರರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಒಂದನ್ನು ಒಪ್ಪುವುದಿಲ್ಲ, ಅದಕ್ಕೆ ಕೊನೆಗೆ ಬರುತ್ತೇನೆ.

ತಮ್ಮನವರು ಊರಿನ ಹೆಸರು ಬೇಕೆನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಊರಿನ ಹೆಸರನ್ನು ವಿಳಾಸದಲ್ಲಿ ಸೇರಿಸಿಕೊಂಡ ಮೂರ್ಖರಲ್ಲಿ ನಾನೂ ಒಬ್ಬ. ನನ್ನ ವಿಳಾಸದ ಕೊನೆಯಲ್ಲಿ ಬಿಜಾಪುರ ಎಂದಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಅಧಿಕೃತವಾಗಿ ಬದಲಾಯಿಸಿದಾಗ ಬಿಜಾಪುರ ವಿಜಯಪುರವಾಯಿತು, ಬೆಳಗಾಂವ್ ಬೆಳಗಾವಿಯಾಯಿತು, ನನ್ನ ಇ-ಮೇಲ್ ಮಾತ್ರ ಹಳೆಯ ಊರಿನಲ್ಲೇ ಉಳಿಯಿತು. ಛತ್ತೀಸಗಡದಲ್ಲಿ ಬಿಜಾಪುರ ಎಂಬ ಜಿಲ್ಲೆ ಇರುವುದರಿಂದ, ಹೊರರಾಜ್ಯದವರು ನನ್ನ ವಿಳಾಸ ನೋಡಿ ನಾನು ಅಲ್ಲಿಯವನೆಂದು ತಿಳಿದದ್ದೂ ಉಂಟು. ವಿಜಯಪುರ ಎಂದು ಹೊಸದಾಗಿ ಮಾಡಿಕೊಂಡರೂ ದೇವನಹಳ್ಳಿ ತಾಲೂಕಿನ ವಿಜಯಪುರ ಎದುರಿಗೆ ಬರುತ್ತದೆ. ಊರು ಬದಲಾಗದಿದ್ದರೂ ಮನುಷ್ಯ ಊರು ಬಿಡುತ್ತಾನೆ. ಇದೇ ಕಾರಣಕ್ಕೆ ತರಗತಿ, ಕಾಲೇಜು, ಹುದ್ದೆ ಇವನ್ನೂ ಸೇರಿಸಬಾರದು. ನನ್ನ ವಿದ್ಯಾರ್ಥಿಯೊಬ್ಬ ಪಿಯುಸಿ ಓದುವಾಗ ಮಾಡಿಕೊಂಡ ವಿಳಾಸದಲ್ಲಿ ಪಿಯುಸಿ ಎಂಬ ಮೂರು ಅಕ್ಷರಗಳು ಈಗಲೂ ಇವೆ. ಅವನು ಇಂದು ಎಂಜಿನಿಯರ್, ಟೆಂಡರ್ ಪತ್ರಗಳನ್ನೂ ಅದರಿಂದಲೇ ಕಳಿಸುತ್ತಾನೆ. ಇನ್ನೊಬ್ಬನ ವಿಳಾಸದಲ್ಲಿ ತನ್ನ ನೆಚ್ಚಿನ ನಟನ ಬಿರುದು ಇತ್ತು. ನೌಕರಿಯ ಅರ್ಜಿಗೆ ಅದನ್ನು ಬರೆಯಲು ಕೈ ಬಾರದೆ, ಅಣ್ಣನ ವಿಳಾಸ ಕೊಟ್ಟು, ಸಂದರ್ಶನದ ಕರೆ ಅಣ್ಣನ ಪೆಟ್ಟಿಗೆಯಲ್ಲಿ ಎಂಟು ದಿನ ಬಿದ್ದುಕೊಂಡಿತ್ತು.

ಸರಳವಾದ ಹೆಸರಿಗೂ ಒಂದು ಕಾಟವಿದೆ ಎಂಬುದನ್ನು ಮುಚ್ಚಿಡಬಾರದು. ನನ್ನ ಗೆಳೆಯರೊಬ್ಬರಿಗೆ ಜಿಮೇಲ್ ಹೊಸದಾಗಿದ್ದಾಗಲೇ ಬರೀ ಹೆಸರು ಮತ್ತು ಪಾಟೀಲ ಎಂಬ ಅಡ್ಡಹೆಸರಿನ ವಿಳಾಸ ಸಿಕ್ಕಿತು. ಜಿಮೇಲ್ ಆರಂಭವಾದದ್ದು 2004ರ ಏಪ್ರಿಲ್ 1ರಂದು, ಮೊದಲು ಬಂದವರಿಗೆ ಇಂಥ ಭಾಗ್ಯವಿತ್ತು. ಆದರೆ ಅದೇ ಹೆಸರಿನ ಪಾಟೀಲರು ಬೇರೆ ಬೇರೆ ಊರುಗಳಲ್ಲಿ ತಮ್ಮ ಅಂಕಿಗಳನ್ನು ಮರೆತು, ಅಥವಾ ಡಾಟ್ ಹಾಕಿದರೆ ಅದು ತಮ್ಮದೇ ವಿಳಾಸವೆಂದು ತಿಳಿದು, ಇವರ ವಿಳಾಸವನ್ನೇ ಎಲ್ಲ ಕಡೆ ಕೊಡುತ್ತಾರೆ. ಇವರ ಪೆಟ್ಟಿಗೆಗೆ ಯಾರದೋ ರೈಲು ಟಿಕೇಟು, ಯಾರದೋ ಸಾಲದ ಕಂತಿನ ನೋಟೀಸು ಬರುತ್ತಲೇ ಇರುತ್ತವೆ. ಆದ್ದರಿಂದ ತೀರ ಸಾಮಾನ್ಯವಾದ ಜೋಡಿ ಸಿಕ್ಕಿತೆಂದು ಹಿಗ್ಗಬೇಕಾಗಿಲ್ಲ, ತಂದೆಯ ಹೆಸರು ಸೇರಿ ಸ್ವಲ್ಪ ಉದ್ದವಾದರೆ ಒಳ್ಳೆಯದೇ.

ಈಗ ನನ್ನ ತಕರಾರು. ನಡುವೆ ತಂದೆಯ ಹೆಸರಿನ ಒಂದೇ ಅಕ್ಷರ ಸೇರಿಸಿ ಎಂದಿದ್ದಾರೆ. ಆ ಒಂಟಿ ಅಕ್ಷರವನ್ನು ಹೇಳುವವರೇ ನುಂಗಿಬಿಡುತ್ತಾರೆ, ಇಲ್ಲವೆ ಕೇಳುವವರು ಬಿಡುತ್ತಾರೆ. ಸೇರಿಸುವುದಾದರೆ ತಂದೆಯ ಪೂರ್ಣ ಹೆಸರನ್ನೇ ಸೇರಿಸಬೇಕು. 30 ಅಕ್ಷರಗಳ ಜಾಗವಿರುವಾಗ ಜಿಪುಣತನ ಏಕೆ?

ಇನ್ನು 'ಅಟ್ ದಿ ರೇಟ್' ಎಂದು ನೀವೂ ಬರೆದಿದ್ದೀರಿ, ನಾವೆಲ್ಲರೂ ಹಾಗೆಯೇ ಕರೆಯುತ್ತೇವೆ. ಅದು ಅಂಗಡಿಯ ಲೆಕ್ಕದಲ್ಲಿ ದರ ಬರೆಯಲು ಬಳಸುತ್ತಿದ್ದ ಗುರುತು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳಿಸುವ ವ್ಯವಸ್ಥೆ ಮಾಡಿದಾಗ, ಬಳಕೆದಾರನ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು, ಯಾರ ಹೆಸರಿನಲ್ಲೂ ಬಾರದ ಚಿಹ್ನೆಯೆಂದು ಇದನ್ನು ಆರಿಸಿಕೊಂಡರು. ಕೇಳಿದವರು ಗೊಂದಲಪಡಬಾರದೆಂಬ ವಿವೇಕ ಅಲ್ಲಿಯೇ ಇತ್ತು.

ಉತ್ತರ: ಸೀರೆ ಅಂಗಡಿಯವಳು, ಇಳಕಲ್

ಈರಣ್ಣ ಅಣ್ಣಾವರೇ, ಮಗಳ ವಿಷಯವನ್ನು ಇಬ್ಬರೂ ಚೆನ್ನಾಗಿ ಹೇಳಿದ್ದಾರೆ, ನಾನು ಅಂಗಡಿಯದನ್ನು ಮಾತ್ರ ಬರೆಯುತ್ತೇನೆ.

ಖಣ ಎಂಬ ಪದವನ್ನು ವಿಳಾಸದಲ್ಲಿ ಇಡುವ ಮುನ್ನ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕನ್ನಡ ಬಾರದವರೊಬ್ಬರಿಗೆ ಓದಲು ಕೊಡಿ. ನಾವು ಮೊದಲು ಸೀರೆ ಮತ್ತು ಖಣ ಎಂದು ಎರಡನ್ನೂ ಸೇರಿಸಿ ಒಂದು ವಿಳಾಸ ಮಾಡಿದ್ದೆವು. ಕೊನೆಯ ಎ ಸೇರಿಸಿದರೆ ಹಿಂದಿಯವರು ಅದನ್ನು ಊಟ ಎಂದು ಓದುತ್ತಾರೆ, ಎ ತೆಗೆದರೆ ಖಾನ್ ಎಂಬ ಅಡ್ಡಹೆಸರಾಗುತ್ತದೆ. ಉತ್ತರದ ಕಡೆಯ ಒಬ್ಬ ಗಿರಾಕಿ ನಮ್ಮದು ಖಾನಾವಳಿಯೂ ಹೌದೇ ಎಂದು ಕೇಳಿ ಪತ್ರ ಬರೆದಿದ್ದರು. ನಮ್ಮ ಮನೆಯವರು ಆ ಪತ್ರವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು. ನನಗಂತೂ ವ್ಯಾಪಾರದ ಹೆಸರು ಹೀಗಾಯಿತಲ್ಲ ಎಂದು ಬೇಸರವಾಗಿತ್ತು.

ಊರಿನ ಹೆಸರಿನ ವಿಷಯದಲ್ಲಿ ಗುರುಗಳು ಹೇಳಿದ್ದು ಮನುಷ್ಯರಿಗೆ ಸರಿ, ಅಂಗಡಿಗೆ ಅಷ್ಟು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎಂದೇ ಜನ ಕೇಳಿಕೊಂಡು ಬರುವಾಗ ಊರನ್ನು ಬಿಟ್ಟರೆ ನಮಗೆ ಉಳಿಯುವುದೇನು? ಆದರೆ ಗುಳೇದಗುಡ್ಡವನ್ನು ಇಂಗ್ಲಿಷಿನಲ್ಲಿ ಬಸ್ಸಿನ ಫಲಕ ಒಂದು ರೀತಿ, ಅಂಗಡಿಯ ಫಲಕ ಇನ್ನೊಂದು ರೀತಿ ಬರೆಯುತ್ತವೆ: ನಡುವೆ ಎ ಇದೆಯೋ ಇಲ್ಲವೋ, ಡಿ ಒಂದೋ ಎರಡೋ, ಕೊನೆಗೆ ಎ ಬೇಕೋ ಬೇಡವೋ. ಉಚಿತ ಖಾತೆಯಲ್ಲಿ ಇದಕ್ಕೆ ಪರಿಹಾರವಿಲ್ಲ. ನಾವು ಮಾಡಿದ್ದೇನೆಂದರೆ, ಅಂಗಡಿಯ ಹೆಸರಿನಲ್ಲೇ 'ಡಾಟ್ ಇನ್' ಎಂದು ಕೊನೆಯಾಗುವ ಡೊಮೇನ್, ಅಂದರೆ ಚಿಹ್ನೆಯ ಬಲಕ್ಕೆ ಬರುವ ಹೆಸರನ್ನು, ಕೊಂಡುಕೊಂಡೆವು. ಅದಕ್ಕೆ ವರ್ಷಕ್ಕೆ ಕೆಲವು ನೂರು ರೂಪಾಯಿ ಖರ್ಚು, ಇ-ಮೇಲ್ ಪೆಟ್ಟಿಗೆಯ ಬಾಡಿಗೆ ಬೇರೆ. ಆಗ ಚಿಹ್ನೆಯ ಎಡಕ್ಕೆ ಯಾರೂ ನಿಮಗಿಂತ ಮೊದಲು ಬಂದಿರುವುದಿಲ್ಲ, ಬರೀ 'ಸೀರೆ' ಎಂದಾದರೂ ಇಡಬಹುದು, 'ಆರ್ಡರ್' ಎಂದಾದರೂ ಇಡಬಹುದು. ಬಲಗಡೆಯ ಹೆಸರನ್ನು ಎರಡು ಸ್ಪೆಲ್ಲಿಂಗುಗಳಲ್ಲಿ ಕೊಂಡು, ತಪ್ಪಾಗಿ ಬರೆದವರ ಪತ್ರವೂ ಒಂದೇ ಕಡೆ ಬರುವಂತೆ ಮಾಡಿಸಿದ್ದೇವೆ.

ಒಂದು ಎಚ್ಚರಿಕೆಯಿದೆ. ಡೊಮೇನ್ ನವೀಕರಿಸುವುದನ್ನು ಮರೆತು ಅದು ಕೈಬಿಟ್ಟು ಹೋದರೆ, ಅದನ್ನು ಕೊಂಡವರಿಗೆ ನಿಮ್ಮ ಪತ್ರಗಳು ಹೋಗುತ್ತವೆ, ಬ್ಯಾಂಕಿನ ಪತ್ರಗಳು ಸಹ. ಆದ್ದರಿಂದ ಅದನ್ನು ಕೊಳ್ಳುವಾಗ ತಮ್ಮನವರ ಸ್ವಂತ ಖಾತೆಯನ್ನೇ ಸಂಪರ್ಕಕ್ಕೆ ಕೊಡಲಿ, ವೆಬ್‌ಸೈಟ್ ಮಾಡಿಕೊಡುವ ಹುಡುಗರದ್ದು ಬೇಡ. ಅಂಗಡಿಯ ವಿಳಾಸ ಮತ್ತು ಮನೆಯ ವಿಳಾಸ ಬೇರೆಬೇರೆ ಇರಲಿ ಎಂಬುದನ್ನು ಹೇಳಬೇಕಾಗಿಲ್ಲ.

ಪ್ರಶ್ನೆ: ಓದುಗ, ಗೋಕಾಕ

ಎಲ್ಲರೂ ಇಂಗ್ಲಿಷ್ ಸ್ಪೆಲ್ಲಿಂಗಿನ ಬಗ್ಗೆಯೇ ಬರೆಯುತ್ತಿದ್ದೀರಿ. ದಾನೇಶ್ವರಿ ಎಂದು ಕನ್ನಡ ಲಿಪಿಯಲ್ಲೇ ವಿಳಾಸ ಮಾಡಿಕೊಂಡರೆ ಎಂಟು ರೂಪಗಳ ತೊಂದರೆಯೇ ಇರುವುದಿಲ್ಲವಲ್ಲ, ಅದು ಸಾಧ್ಯವಿಲ್ಲವೇ? ಜೊತೆಗೆ ಈರಣ್ಣನವರ ಹಳೆಯ ಖಾತೆಯನ್ನು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ಉತ್ತರ: ಅರ್ಜಿ ಕೇಂದ್ರದವ, ಬೆಳಗಾವಿ

ಸಾಧ್ಯವಿದೆ. ಇಂಗ್ಲಿಷ್ ಅಲ್ಲದ ಲಿಪಿಗಳಲ್ಲಿ ಇ-ಮೇಲ್ ವಿಳಾಸ ಬರೆಯಲು ಬೇಕಾದ ಮಾನದಂಡಗಳು 2012ರಲ್ಲಿಯೇ ಸಿದ್ಧವಾಗಿವೆ, ಅಂಥ ವಿಳಾಸಗಳಿಗೆ ಪತ್ರ ಕಳಿಸುವ ಮತ್ತು ಅಲ್ಲಿಂದ ಪಡೆಯುವ ಅನುಕೂಲ ಜಿಮೇಲ್‌ನಲ್ಲಿ 2014ರಿಂದ ಇದೆ, 'ಡಾಟ್ ಭಾರತ' ಎಂಬ ಡೊಮೇನ್ ಕನ್ನಡ ಲಿಪಿಯಲ್ಲಿಯೂ ಇದೆ. ತೊಂದರೆಯಿರುವುದು ಅರ್ಜಿಯ ಚೌಕದಲ್ಲಿ. ನಾನು ತುಂಬುವ ಅನೇಕ ಅರ್ಜಿಗಳಲ್ಲಿ ಆ ಚೌಕದೊಳಗೆ ಕನ್ನಡ ಅಕ್ಷರ ಬಿದ್ದ ಕೂಡಲೇ ಕೆಂಪು ಗೆರೆ ಮೂಡಿ ವಿಳಾಸ ತಪ್ಪೆಂದು ತೋರಿಸುತ್ತದೆ. ಮನಸ್ಸಿಗೆ ಹಿತವಾದ ಎರಡನೆಯ ವಿಳಾಸವಾಗಿ ಅದು ಇರಲಿ, ವಿದ್ಯಾರ್ಥಿಯ ಅರ್ಜಿಗೆ ಸದ್ಯಕ್ಕೆ ಬೇಡ.

ಹಳೆಯ ಖಾತೆಯನ್ನು ಅಳಿಸಬಾರದು. ಹೊಸದಕ್ಕೆ ಪತ್ರಗಳು ತಾನಾಗಿ ಬರುವಂತೆ ವ್ಯವಸ್ಥೆ ಮಾಡಿ, ಬ್ಯಾಂಕು, ಆಧಾರ್, ಪ್ಯಾನ್, ವಿಮೆ ಎಂದು ಒಂದೊಂದಾಗಿ ಬದಲಾಯಿಸುತ್ತ ಹೋಗಬೇಕು. ಅದಕ್ಕೆ ಒಂದು ವರ್ಷವಾದರೂ ಹಿಡಿಯುತ್ತದೆ. ಆ ನಂತರವೂ ಆಗಾಗ ಅದರೊಳಗೆ ಹೋಗಿ ಬರುತ್ತಿರಬೇಕು. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಆರಂಭಿಸಿದೆ, ಯಾಹೂ 2013ರಲ್ಲಿ ಬಹಳ ಕಾಲ ಬಳಸದ ಹೆಸರುಗಳನ್ನು ಬೇರೆಯವರಿಗೆ ಕೊಟ್ಟದ್ದೂ ಉಂಟು. ನಿಮ್ಮ ಹಳೆಯ ಹೆಸರಿಗೆ ಇನ್ನೊಬ್ಬರು ಒಡೆಯರಾದರೆ ನಿಮ್ಮ ಪತ್ರಗಳಿಗೂ ಅವರೇ ಒಡೆಯರು.

ವಿಜಯಪುರದ ಗುರುಗಳ ತಕರಾರಿಗೆ ಉತ್ತರವಾಗಿ ಹೇಳುವುದಾದರೆ, ನಮ್ಮ ಕೇಂದ್ರದಲ್ಲಿ ಒಂಟಿ ಅಕ್ಷರದ ವಿಳಾಸಗಳು ನಡೆಯುತ್ತಿವೆ. ಬೇಕಾದರೆ ಈರಣ್ಣ ಸಾಹೇಬರೇ ಪರೀಕ್ಷಿಸಿ ನೋಡಲಿ.

ಪ್ರಶ್ನೆ ಕೇಳಿದವರಿಂದ: ಈರಣ್ಣ, ನವನಗರ, ಬಾಗಲಕೋಟೆ

ಎಲ್ಲರಿಗೂ ಶರಣು. ಹೇಳಿದಂತೆ ಪರೀಕ್ಷೆ ಮಾಡಿಯೇಬಿಟ್ಟೆವು. ಮಗಳು ತನ್ನ ಸೋದರಮಾವನಿಗೆ ಫೋನ್ ಮಾಡಿದಾಗ ಅವನು ಜಮಖಂಡಿಯ ಬಸ್ ನಿಲ್ದಾಣದಲ್ಲಿದ್ದ. ಗದ್ದಲ ಬೇಕಾದಷ್ಟಿತ್ತು, ನಮಗೂ ಅದೇ ಬೇಕಾಗಿತ್ತು. ಮೂರು ವಿಳಾಸಗಳನ್ನು ಒಂದೊಂದು ಸಲ ಮಾತ್ರ ಹೇಳುವುದು, ಅವನು ಕಾಗದದ ಮೇಲೆ ಬರೆದು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸುವುದು ಎಂದು ಕರಾರು.

ಮೊದಲನೆಯದು ಹೆಸರು ಮತ್ತು ಹುಟ್ಟಿದ ವರ್ಷ. ಮಗಳು "ಎರಡು ಸಾವಿರದ ಎಂಟು" ಎಂದಳು, ಅವನು 20008 ಎಂದು ಬರೆದ. ವರ್ಷದ ಮಾತು ಅಲ್ಲಿಗೆ ಮುಗಿಯಿತು. ಎರಡನೆಯದು ಹೆಸರು, ನನ್ನ ಹೆಸರಿನ ಮೊದಲ ಅಕ್ಷರ ಐ, ನಂತರ ಅಡ್ಡಹೆಸರು. ದಾನೇಶ್ವರಿ ಎಂಬುದು ಐ ಅಕ್ಷರದಿಂದಲೇ ಮುಗಿಯುವುದರಿಂದ ಎರಡನೆಯ ಐ ಅವನಿಗೆ ಕೇಳಿಸಲೇ ಇಲ್ಲ. ಈ ವಿಷಯದಲ್ಲಿ ಗುರುಗಳು ಗೆದ್ದರು. ಮೂರನೆಯದು ನನ್ನ ಪೂರ್ಣ ಹೆಸರು ಸೇರಿದ್ದು. ಅದರಲ್ಲಿ ನನ್ನ ಹೆಸರೂ ಅಡ್ಡಹೆಸರೂ ಸರಿಯಾಗಿ ಬಂದವು, ದಾನೇಶ್ವರಿಯಲ್ಲಿ ಮಾತ್ರ ಡಬ್ಲ್ಯೂ ಬದಲು ವಿ ಬಂತು. ಊರುಗಳ ಹೆಸರಿನಿಂದ ಹೇಳೋಣವೆಂದರೆ ಡಬ್ಲ್ಯೂ ಅಕ್ಷರಕ್ಕೆ ನಮ್ಮ ಮೂರು ಜಿಲ್ಲೆಗಳಲ್ಲಿ ಒಂದು ಊರೂ ಹೊಳೆಯಲಿಲ್ಲ. ಕೊನೆಗೆ ಮಗಳೇ ರೈಲಿನ ಜಂಕ್ಷನ್ ನೆನಪಿಸಿಕೊಂಡು 'ಡಬ್ಲ್ಯೂ ವಾಡಿ' ಎಂದಳು, ಅವನು ಸರಿಯಾಗಿ ಬರೆದ. ಆ ಮೂರನೆಯ ಹೆಸರೇ ಸಿಕ್ಕಿತು, ಖಾತೆಯನ್ನು ಮನೆಯಲ್ಲೇ ನನ್ನ ನಂಬರಿನಿಂದ ತೆರೆದೆವು.

ಈ ಗಡಿಬಿಡಿಯಲ್ಲಿ ಇನ್ನೊಂದು ಗೊತ್ತಾಯಿತು. ಅವಳ ಅಂಕಪಟ್ಟಿಯಲ್ಲಿ ನನ್ನ ಹೆಸರು ಐ ಅಕ್ಷರದಿಂದ ಆರಂಭವಾಗಿದೆ, ನನ್ನ ಪ್ಯಾನ್ ಕಾರ್ಡಿನಲ್ಲಿ ಎರಡು ಇ ಇವೆ. ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ವಿಳಾಸಕ್ಕೆ ಅಂಕಪಟ್ಟಿಯದನ್ನೇ ಇಟ್ಟಿದ್ದೇವೆ, ಪ್ಯಾನ್ ತಿದ್ದುಪಡಿಗೆ ಬೇರೆ ಅರ್ಜಿ ಹಾಕಬೇಕು.

ತಮ್ಮ ಡೊಮೇನ್ ಕೊಳ್ಳಲು ಒಪ್ಪಿದ್ದಾನೆ, ಖಣ ಎಂಬುದನ್ನು ಬಿಡಲೂ ಒಪ್ಪಿದ್ದಾನೆ, ಊಟದ ಕಥೆ ಕೇಳಿದ ಮೇಲೆ ಅವನೇ ಬೇಡವೆಂದ. ಆದರೆ ಶ್ರೀ ಇಲ್ಲದೆ ಯಾವುದನ್ನೂ ಆರಂಭಿಸುವುದಿಲ್ಲ ಎಂದು ಪಟ್ಟು ಹಿಡಿದಿದ್ದಾನೆ. ಅದನ್ನು ಇಂಗ್ಲಿಷಿನಲ್ಲಿ ಮೂರು ರೀತಿ ಬರೆಯುತ್ತಾರೆ ಎಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ.

ಉತ್ತರ: ಸೀರೆ ಅಂಗಡಿಯವಳು, ಇಳಕಲ್

ಅಣ್ಣಾವರೇ, ಶ್ರೀಕಾರವನ್ನು ಅಂಗಡಿಯ ಫಲಕದ ಮೇಲೆ ಕನ್ನಡದಲ್ಲಿ ಎಷ್ಟು ದೊಡ್ಡದಾಗಿ ಬೇಕೋ ಅಷ್ಟು ದೊಡ್ಡದಾಗಿ ಬರೆಸಲಿ, ವಿಳಾಸದಲ್ಲಿ ಬೇಡವೆಂದು ತಿಳಿಸಿ ಹೇಳಿ. ನಮ್ಮ ಮಾವನವರೂ ಹೀಗೆಯೇ ಹಟ ಹಿಡಿದಿದ್ದರು, ಫಲಕ ಬಂದ ಮೇಲೆ ಸಮಾಧಾನವಾದರು. ಆದರೆ ಫಲಕ ಬರೆಯುವವರಿಗೆ ಇ-ಮೇಲ್ ವಿಳಾಸವನ್ನು ಬಾಯಿಂದ ಹೇಳಬೇಡಿ, ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದ ಕಾಗದವನ್ನು ಕೈಗೆ ಕೊಡಿ. ನಮ್ಮ ಮೊದಲ ಫಲಕದಲ್ಲಿ 'ಡಾಟ್ ಇನ್' ಎಂಬುದರ ಡಾಟ್ ಜಾಗದಲ್ಲಿ ಅಲ್ಪವಿರಾಮ ಬಂದಿತ್ತು. ಅದನ್ನು ಬಿಳಿ ಬಣ್ಣದಿಂದ ಮುಚ್ಚಿಸಿದ ಗುರುತು ಇಂದಿಗೂ ಹಾಗೆಯೇ ಇದೆ.